ಓದುವ ಮೇಜು ಕೆಳಗಿಳಿದ ಶನಿವಾರ

ಸಿರಿ, ತೇಜು, ನಿಮಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಇದನ್ನು ನಿಮ್ಮ ಅಮ್ಮ ಓದಿ ಹೇಳಬೇಕು. ಅವಳು ನಡುವೆ ನಿಲ್ಲಿಸಿ ನನ್ನ ಪರವಾಗಿ ಏನಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬರೆದಿರುವಷ್ಟನ್ನೇ ಕೇಳಿ.

ನನ್ನ ಹಳೆಯ ಕೆಲಸದ ಬಗ್ಗೆ ಮೊನ್ನೆ ತೇಜು ಕೇಳಿದ, "ಅಜ್ಜಿ, ವಾಟ್ ಡಿಡ್ ಯೂ ಆಕ್ಚುಲಿ ಡೂ ದೇರ್?" ನೆಲ ಒರೆಸುತ್ತಿದ್ದೆ ಎಂದು ಹೇಳಿ ಸುಮ್ಮನಾದೆ. ಅದು ಸುಳ್ಳಲ್ಲ. ಆದರೆ ಒಂದು ಚಳಿಗಾಲದ ಸಂಗತಿಯನ್ನು ಹೇಳದೆ ಉಳಿಸಿಕೊಂಡೆ. ಬಾಯಿಂದ ಹೇಳಲು ನನಗೆ ಆಗುವುದಿಲ್ಲ.

ಲೀಡ್ಸ್‌ನ ಉತ್ತರ ಭಾಗದಲ್ಲಿರುವ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ನಾನು ಕೇರ್‌ಟೇಕರ್ ಆಗಿದ್ದೆ. ಅವರು ಯಹೂದಿಗಳಲ್ಲಿ ಪ್ರಗತಿಪರರು. ಗಂಡಸರು, ಹೆಂಗಸರು ಒಟ್ಟಿಗೆ ಕೂರುತ್ತಾರೆ. ಪೂಜೆ ನಡೆಸುವ ಗುರುವಿಗೆ ರಬ್ಬಿ ಎನ್ನುತ್ತಾರೆ. ಅಲ್ಲಿನ ರಬ್ಬಿ ಹೆಂಗಸು. ಶನಿವಾರ ಅವರ ಪವಿತ್ರ ದಿನ. ಸಂಪ್ರದಾಯಸ್ಥರು ಆ ದಿನ ಕರೆಂಟಿನ ವಸ್ತು ಮುಟ್ಟುವುದಿಲ್ಲ, ಇವರಲ್ಲಿ ಮೈಕು ಹಾಕಿದರೂ ತಪ್ಪಿಲ್ಲ. ಇಷ್ಟು ತಿಳಿದಿದ್ದರೆ ಸಾಕು.

ಆ ವರ್ಷ ಅವರ ಸಮಿತಿ ಒಂದು ನಿರ್ಧಾರ ಮಾಡಿತ್ತು. ಕಾಲಿಲ್ಲದವರು, ಕಿವಿ ಕೇಳದವರು, ಕಣ್ಣು ಮಂಜಾದವರು, ಗದ್ದಲ ತಾಳಲಾರದವರು, ಯಾರೇ ಬಂದರೂ ಉಳಿದವರಂತೆ ಕೂರುವ ಹಾಗಿರಬೇಕು. ನಿರ್ಧಾರ ಸಮಿತಿಯದು, ಕೆಲಸ ಶುಕ್ರವಾರ ಮಧ್ಯಾಹ್ನ ನನ್ನದು. ಗಾಲಿಕುರ್ಚಿಗೆ ಸಾಲಿನ ಕೊನೆಯಲ್ಲಲ್ಲ, ನಡುವೆಯೇ ಜಾಗ ಬಿಡಬೇಕು, ಮನೆಯವರು ಅಕ್ಕಪಕ್ಕ ಕೂರುವಂತೆ. ಅದಕ್ಕಾಗಿ ತೊಂಬತ್ತು ಸೆಂಟಿಮೀಟರಿನ ಒಂದು ಕೋಲು ಕತ್ತರಿಸಿ ಇಟ್ಟುಕೊಂಡಿದ್ದೆ. ದಪ್ಪಕ್ಷರದ ಪ್ರಾರ್ಥನಾ ಪುಸ್ತಕಗಳನ್ನು ಬಾಗಿಲಲ್ಲಿ ಇಟ್ಟರೆ ಕೇಳಿ ಪಡೆಯಲು ಜನ ನಾಚುತ್ತಾರೆ. ಹಾಗಾಗಿ ಎಲ್ಲ ಸಾಲಿನಲ್ಲೂ ಒಂದೊಂದು ಇಡುತ್ತಿದ್ದೆ. ವಾಸನೆ ಇಲ್ಲದ ಪಾಲಿಶ್ ಬಳಸಬೇಕಿತ್ತು. ಪೂಜೆಯ ನಂತರ ಜಡೆಯಂತೆ ಹೆಣೆದ ಬ್ರೆಡ್ಡು, ದ್ರಾಕ್ಷಾರಸ ಕೊಡುವ ಮೇಜುಗಳಲ್ಲಿ ಒಂದು ತಗ್ಗಾಗಿರಬೇಕಿತ್ತು.

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯುತ್ತಿದ್ದದ್ದು ಲೂಪ್. ಎಡಬದಿಯ ಮೂರು ಸಾಲುಗಳ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ ತಂತಿಯೊಂದನ್ನು ಸುತ್ತು ಹಾಕಿದ್ದರು. ಮೈಕಿನಲ್ಲಿ ಆಡಿದ ಮಾತು, ಆ ಸಾಲುಗಳಲ್ಲಿ ಕಿವಿಯ ಯಂತ್ರ ಹಾಕಿಕೊಂಡು ಕೂತವರಿಗೆ ಆ ತಂತಿಯ ಮೂಲಕ ನೇರ ಕಿವಿಯೊಳಗೆ ಕೇಳುತ್ತಿತ್ತು. ಹಿಂಬದಿಯ ಕಪಾಟಿನಲ್ಲಿ ಎರಡು ತಿರುಪುಗಳಿದ್ದವು, ಒಂದು ಗೋಡೆಯ ಸ್ಪೀಕರುಗಳಿಗೆ, ಇನ್ನೊಂದು ಲೂಪಿಗೆ. ಮೈಕಿನ ಮುಂದೆ ಅಡುಗೆಮನೆಯ ರೇಡಿಯೊ ಹಾಡಲು ಬಿಟ್ಟು, ಪರೀಕ್ಷೆಯ ಹೆಡ್‌ಫೋನ್ ಕಿವಿಗೆ ಹಾಕಿಕೊಂಡು, ಕುರ್ಚಿಯಿಂದ ಕುರ್ಚಿಗೆ ನಡೆದು ಎಲ್ಲಿ ದನಿ ಕಡಿದುಹೋಗುತ್ತದೆ ಎಂದು ನೋಡುತ್ತಿದ್ದೆ.

ಇಷ್ಟೆಲ್ಲ ಮಾಡಿದರೂ ಒಂದು ಕಡೆಗೆ ಗಾಲಿಕುರ್ಚಿ ಹೋಗುವಂತಿರಲಿಲ್ಲ. ಸಭಾಂಗಣದ ಮುಂದೆ ಮೂರು ಮೆಟ್ಟಿಲಿನ ವೇದಿಕೆ. ಅದರ ಮೇಲೆ ಓದುವ ಮೇಜು. ಶನಿವಾರ ಬೆಳಿಗ್ಗೆ ಧರ್ಮಗ್ರಂಥದ ಚರ್ಮದ ಸುರುಳಿಯನ್ನು ಆ ಮೇಜಿನ ಇಳಿಜಾರು ಹಲಗೆಯ ಮೇಲೆ ಬಿಚ್ಚಿ ಓದುತ್ತಾರೆ. ಹೆಸರು ಕರೆದವರು ಮೆಟ್ಟಿಲು ಹತ್ತಿ ಹೋಗಬೇಕು.

ಅಕ್ಟೋಬರಿನಲ್ಲಿ ಟೀಚರಮ್ಮ ಮೊದಲ ಸಲ ಗಾಲಿಕುರ್ಚಿಯಲ್ಲಿ ಬಂದರು. ಎಂಬತ್ತರ ಹತ್ತಿರದವರು. ನಲವತ್ತು ವರ್ಷ ಅಲ್ಲಿನ ಮಕ್ಕಳಿಗೆ ಹೀಬ್ರೂ ಓದಲು ಕಲಿಸಿದವರು. ಸಮಿತಿಯಲ್ಲಿದ್ದ ಅರ್ಧದಷ್ಟು ಜನ ಅವರ ಕೈಲಿ ಬೈಸಿಕೊಂಡು ಕಲಿತವರೇ. ನರಗಳು ಒಣಗುವ ಕಾಯಿಲೆ. ಕಾಲು ಹೋಗಿತ್ತು, ಕೈ ಹೋಗುತ್ತಿತ್ತು, ಮುಂದಿನ ಸರದಿ ಧ್ವನಿಯದು, ವಸಂತಕ್ಕೆ ಉಳಿಯುವುದು ಕಷ್ಟ ಎಂದು ಆಸ್ಪತ್ರೆಯವರು ಹೇಳಿದ್ದರು. ಅವರು ಸಮಿತಿಗೆ ಒಂದೇ ಒಂದು ಬೇಡಿಕೆ ಇಟ್ಟರು. ಮಕ್ಕಳಿಗೆಲ್ಲ ಮೊದಲ ಪಾಠವಾಗಿ ಕಲಿಸುತ್ತಿದ್ದ ಭಾಗವನ್ನು ತಾವೇ ಒಮ್ಮೆ ಸುರುಳಿಯಿಂದ ಗಟ್ಟಿಯಾಗಿ ಓದಬೇಕು, ಧ್ವನಿ ಇರುವಾಗಲೇ.

ಮೊದಲ ದಿನವೇ ಅವರು ನನ್ನನ್ನು ಮಾತಿಗೆಳೆದರು. ಮುಂದೆ ಸುರುಳಿಗಳನ್ನಿಡುವ ಪವಿತ್ರ ಕಪಾಟಿನ ಬಾಗಿಲು ತೆರೆದಾಗ ಎಲ್ಲರೂ ಎದ್ದು ನಿಂತಿದ್ದರು, ಟೀಚರಮ್ಮನಿಗೆ ಏನೂ ಕಾಣಲಿಲ್ಲ. "ಇವತ್ತೆಲ್ಲ ಇವರ ಬೆನ್ನೇ ನೋಡಿದೆ ಲವ್," ಎಂದರು. ಈ ಊರಿನಲ್ಲಿ ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆ. "ಕೆಲವರದು ಮುಖಕ್ಕಿಂತ ವಾಸಿ." ನನಗೆ ನಗು ಬಂತು. ಮುಂದಿನ ವಾರ ಅವರ ಜಾಗವನ್ನು ಎರಡು ಸಾಲು ಮುಂದಕ್ಕೆ ತಂದೆ.

ಸಮಿತಿ ತಡ ಮಾಡಿತು ಎನ್ನಲಾರೆ. ಅದೇ ವಾರ ಅಧ್ಯಕ್ಷರು ಟೇಪು ತಂದು ಮೆಟ್ಟಿಲು ಅಳೆದರು, ನಾನು ಇನ್ನೊಂದು ತುದಿ ಹಿಡಿದುಕೊಂಡೆ. ಒಂದೊಂದು ಮೆಟ್ಟಿಲು ಹದಿನೆಂಟು ಸೆಂಟಿಮೀಟರ್, ಒಟ್ಟು ಐವತ್ನಾಲ್ಕು. ಅಷ್ಟು ಎತ್ತರಕ್ಕೆ ಸರಿಯಾದ ಇಳಿಜಾರು ಕಟ್ಟಬೇಕಾದರೆ ಆರೂವರೆ ಮೀಟರ್ ಉದ್ದ ಬೇಕು. ಮುಂದಿನ ಸಾಲುಗಳೆಲ್ಲ ಹೋಗುತ್ತವೆ. ಹಳೆಯ ಕಟ್ಟಡವಾದ್ದರಿಂದ ಕೌನ್ಸಿಲಿನ, ಅಂದರೆ ನಗರಸಭೆಯ, ಅನುಮತಿಯೂ ಬೇಕು. ಅರ್ಜಿ ಹಾಕಿದರು. ನವೆಂಬರಿನಲ್ಲಿ ಮಡಚುವ ಲೋಹದ ಇಳಿಜಾರೊಂದನ್ನು ಎಲ್ಲಿಂದಲೋ ತಂದರು. ಖಾಲಿ ಗಾಲಿಕುರ್ಚಿಯಲ್ಲಿ ಎರಡು ಮೂಟೆ ಆಲೂಗಡ್ಡೆ ಕೂರಿಸಿ ತಳ್ಳಿ ನೋಡಿದೆವು. ಅರ್ಧ ದಾರಿಯಲ್ಲಿ ಕುರ್ಚಿ ಹಿಂದಕ್ಕೆ ವಾಲಿತು, ಆಲೂಗಡ್ಡೆ ಸಭಾಂಗಣದ ತುಂಬ ಉರುಳಿದವು. ಅಧ್ಯಕ್ಷರು ಒಂದೊಂದನ್ನೇ ಹೆಕ್ಕುತ್ತ ಯಾರ ಮುಖವನ್ನೂ ನೋಡಲಿಲ್ಲ.

ಈಗ ನನ್ನ ತಪ್ಪನ್ನು ಬರೆಯಬೇಕು.

ಆ ಮೇಜಿನ ಇಳಿಜಾರು ಹಲಗೆ ಮೇಜಿಗೆ ಅಂಟಿಕೊಂಡಿಲ್ಲ. ಎಡಕ್ಕೊಂದು ಬಲಕ್ಕೊಂದು ಮರದ ಬೆಣೆಗಳಿವೆ. ಅವನ್ನು ಒಳಗಿನಿಂದ ಒತ್ತಿ ಎಳೆದರೆ ಹಲಗೆ ಪೂರ್ತಿ ಎದ್ದು ಬರುತ್ತದೆ. ಸುರುಳಿ ಜಾರದಂತೆ ತಡೆಯುವ ಅಂಚೂ ಅದರೊಂದಿಗೇ ಬರುತ್ತದೆ. ವರ್ಷಕ್ಕೊಮ್ಮೆ ಅದನ್ನು ಎತ್ತಿ ಒಳಗಿನ ಧೂಳು ತೆಗೆಯುತ್ತಿದ್ದವಳು ನಾನೊಬ್ಬಳೇ. ಆ ಕಟ್ಟಡದಲ್ಲಿ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ.

ಮೆಟ್ಟಿಲು ಅಳೆದ ದಿನವೇ ನನ್ನ ಮನಸ್ಸಿಗೆ ಹೊಳೆದಿತ್ತು. ಹಲಗೆಯನ್ನು ಕೆಳಗೆ ಒಂದು ತಗ್ಗು ಮೇಜಿನ ಮೇಲಿಟ್ಟರೆ ಮುಗಿಯಿತಲ್ಲ? ಹೊಳೆದ ಕೂಡಲೇ ಕೆನ್ನೆಗೆ ಬಡಿದುಕೊಳ್ಳಬೇಕು ಅನ್ನಿಸಿತು. ನಮ್ಮೂರಿನ ಗುಡಿಯಲ್ಲಿ ಗರ್ಭಗುಡಿಯ ಹೊಸ್ತಿಲಿನವರೆಗೆ ಮಾತ್ರ ನಾವು ಗುಡಿಸುತ್ತಿದ್ದೆವು. ಒಳಗಿನದು ಹೊರಗೆ ಬರುತ್ತಿರಲಿಲ್ಲ. ನಡೆಯಲಾಗದ ನನ್ನ ದೊಡ್ಡಮ್ಮನ ಮಗಳು ಹೊರಗಿನ ಕಂಬಕ್ಕೆ ಒರಗಿ ಕೂರುತ್ತಿದ್ದಳು, ತೀರ್ಥವನ್ನು ಅಲ್ಲಿಗೇ ತಂದು ಕೊಡುತ್ತಿದ್ದರು. ಅದು ದೊಡ್ಡ ಕರುಣೆ ಎಂದು ನಾವೆಲ್ಲ ತಿಳಿದಿದ್ದೆವು. ಈ ವೇದಿಕೆಯನ್ನೂ ನಾನು ಹಾಗೆಯೇ ಕಂಡೆ. ಚಪ್ಪಲಿ ಬಿಟ್ಟು ಹತ್ತುತ್ತಿದ್ದೆ. ಮೇಜಿನ ಕಾಲುಗಳನ್ನು ಸರಿಸದೆ ಸುತ್ತ ಒರೆಸುತ್ತಿದ್ದೆ. ಹಲಗೆ ಎತ್ತುವ ದಿನ ಸ್ನಾನ ಮಾಡಿ ಹೋಗಿ, ಒಳಗೊಳಗೇ ಕ್ಷಮೆ ಕೇಳುತ್ತಿದ್ದೆ. ದೇವರ ಓದಿಗೆ ಮೂರು ಮೆಟ್ಟಿಲಿನ ಎತ್ತರ ಅವರ ಶಾಸ್ತ್ರ ಇರಬೇಕು, ಇಲ್ಲದಿದ್ದರೆ ಇಷ್ಟು ಓದಿದವರು ತಾವೇ ಹೇಳುತ್ತಿದ್ದರು, ಕೆಲಸದವಳು ಹೇಳುವುದೇನಿದೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಟೀಚರಮ್ಮನ ಹೆಸರು ಕರೆಯುವ ಸರದಿ ಬಂತು. ಕೌನ್ಸಿಲಿನಿಂದ ಉತ್ತರ ಬಂದಿರಲಿಲ್ಲ. ಎತ್ತಿಬಿಡೋಣ ಎಂದು ಅಧ್ಯಕ್ಷರು ಮೂವರನ್ನು ಕರೆದರು. ಟೀಚರಮ್ಮನನ್ನು ಯಾರೂ ಕೇಳಲಿಲ್ಲ. ಗಾಲಿಯ ಬ್ರೇಕ್ ಹಾಕಿಕೊಟ್ಟವಳು ನಾನು. ನಾಲ್ವರು ಕುರ್ಚಿಯ ಸಮೇತ ಅವರನ್ನು ಮೇಲೆತ್ತಿದರು. ಹೆಗಲ ಮೇಲಿನ ಪ್ರಾರ್ಥನೆಯ ಶಾಲು ಜಾರಿ ಮೆಟ್ಟಿಲ ಮೇಲೆ ಬಿತ್ತು. ಮೇಲೆ ಹೋದ ಮೇಲೆ ಅವರಿಗೆ ಓದಲು ಉಸಿರೇ ಬರಲಿಲ್ಲ. ಎರಡು ಸಾಲಿನ ಮಂತ್ರ ಹೇಳಿದರು, ಗ್ರಂಥವನ್ನು ಇನ್ನೊಬ್ಬರು ಓದಿದರು. ಇಳಿಸುವಾಗ ಹಿಂದಿನವರ ಕಾಲು ತಪ್ಪಿತು, ಕುರ್ಚಿ ಒಂದು ಗಳಿಗೆ ಓರೆಯಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ಬಂದು ಆ ನಾಲ್ವರ ಕೈ ಕುಲುಕಿದರು.

ನಾನು ಶಾಲು ಮಡಚಿ ತೆಗೆದುಕೊಂಡು ಹೋದಾಗ ಟೀಚರಮ್ಮ ಕೋಟು ತೂಗುಹಾಕುವ ಕಡೆ ಗೋಡೆಗೆ ಮುಖ ಮಾಡಿಕೊಂಡಿದ್ದರು.

"ನಾನು ಪಿಯಾನೊ ಅಲ್ಲ, ಹೊತ್ತು ಸಾಗಿಸೋಕೆ," ಎಂದರು. ಅಷ್ಟೇ.

ಆಮೇಲೆ ಐದು ವಾರ ಅವರು ಬರಲಿಲ್ಲ. ಪ್ರತಿ ಶುಕ್ರವಾರ ಅವರ ಜಾಗಕ್ಕೆ ಕೋಲು ಹಿಡಿದು ತೊಂಬತ್ತು ಸೆಂಟಿಮೀಟರ್ ಬಿಡುತ್ತಿದ್ದೆ. ಶನಿವಾರ ಯಾರೋ ಬಂದು ಅಲ್ಲಿ ಮಕ್ಕಳ ತಳ್ಳುಗಾಡಿ ನಿಲ್ಲಿಸುತ್ತಿದ್ದರು.

ಹೊರಗೆ ಬರಲಾಗದವರ ಮನೆಗೆ ಬ್ರೆಡ್ಡು ಮುಟ್ಟಿಸಲು ಒಂದು ರೋಟಾ, ಅಂದರೆ ಸರದಿಯ ಪಟ್ಟಿ, ಇತ್ತು. ಜನವರಿಯಲ್ಲಿ ಒಬ್ಬರಿಗೆ ಜ್ವರ ಬಂದು ಆ ಕೆಲಸ ನನಗೆ ಬಂತು. ಟೀಚರಮ್ಮನ ಮನೆಗೆ ಹೋದಾಗ ಅವರ ದನಿ ಕೇಳಿ ಬಾಗಿಲಲ್ಲೇ ನಿಂತುಬಿಟ್ಟೆ. ಹಳೆಯ ಬಾವಿಯಿಂದ ಬಂದಂತಿತ್ತು. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತೇನೆ.

ಮಡಿಲಲ್ಲಿ ಆ ಭಾಗವನ್ನು ಬರೆದ ಹಾಳೆ ಇತ್ತು. ಸುರುಳಿಯಲ್ಲಿ ಹೇಗಿರುತ್ತದೋ ಹಾಗೆಯೇ, ಬರೀ ವ್ಯಂಜನಗಳು. ನಮ್ಮ ಕಾಗುಣಿತದಂಥ ಗುರುತು ಒಂದೂ ಇಲ್ಲ. ಇದನ್ನು ಹೇಗೆ ಓದುತ್ತೀರಿ ಎಂದು ಕೇಳಿದೆ.

"ಉಸಿರು ನಾವು ಕೊಡ್ಬೇಕು," ಎಂದರು. "ಅದೇ ಈಗ ಕಮ್ಮಿ ಬಿದ್ದಿದೆ." ಮತ್ತೆ ಉಸಿರೆಳೆದುಕೊಂಡು, "ಅವರು ನನ್ನನ್ನ ಮೇಲೆ ಹತ್ತಿಸೋದು ಹೇಗೆ ಅಂತಲೇ ಕೂತಿದ್ದಾರೆ. ಆ ಹಾಳು ಮೇಜು ಒಂದೇ ಮರದ್ದು, ಮನೆಯಷ್ಟು ಭಾರ. ಇಲ್ಲದಿದ್ರೆ ಅದನ್ನೇ ಕೆಳಗೆ ತನ್ನಿ ಅಂತಿದ್ದೆ," ಎಂದರು.

ನನ್ನ ಕೈಯಲ್ಲಿ ಬ್ರೆಡ್ಡಿನ ಚೀಲ ಹಾಗೆಯೇ ಇತ್ತು.

"ಒಂದೇ ಮರದ್ದಲ್ಲ ಟೀಚರ್," ಎಂದೆ. "ಮೇಲಿನ ಹಲಗೆ ಕಳಚಿ ಬರುತ್ತೆ. ನಾನು ತೆಗೀತೀನಿ."

"ಯಾವಾಗಿನಿಂದ?"

"ಮೊದಲಿನಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅದು ದೇವರ ಎತ್ತರ ಅಂದ್ಕೊಂಡೆ. ಇಳಿಸಬಾರದು ಅಂತ."

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ನಗು ಕೆಮ್ಮಾಯಿತು, ನೀರು ಕುಡಿಸಿದೆ. "ಲವ್, ಆ ಎತ್ತರ ಮಾಡಿದ್ದು ದೇವರಲ್ಲ. ಹ್ಯಾರೊಗೇಟ್‌ನ ಒಬ್ಬ ಬಡಗಿ. ಎರಡು ಸಲ ಅಳತೆ ತಪ್ಪಿಸಿದ್ದ." ನಗು ನಿಂತ ಮೇಲೆ ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದರು: "ಅಕ್ಟೋಬರ್‌ನಲ್ಲಿ ನನಗೆ ಇನ್ನೂ ಧ್ವನಿ ಇತ್ತು."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮನೆಗೆ ಬಂದು ನಿಮ್ಮ ಅಮ್ಮನಿಗೆ ಹೇಳಿದೆ. ಹೋಗಿ ಹೇಳಿಬಿಡು ಎಂದಳು. ಗೊತ್ತಿದ್ದೂ ಸುಮ್ಮನಿದ್ದೆ ಅಂದ್ರೆ ಏನಂದ್ಕೋತಾರೆ ಎಂದೆ. ನಿಮ್ಮ ಅಮ್ಮನ ನಾಲಿಗೆ ನಿಮಗೆ ಗೊತ್ತಲ್ಲ. "ಏನೂ ಅಂದ್ಕೊಳ್ಳಲ್ಲಮ್ಮ. ನೀನು ಆ ರೂಮಲ್ಲಿ ಇದೀಯ ಅಂತಲೇ ಅವರಿಗೆ ಗೊತ್ತಿಲ್ಲ. ಮೊದಲು ಅದನ್ನ ತಿಳಿಸು," ಎಂದಳು.

ನಿಮ್ಮ ತಾತ ಹೋದ ಮೇಲೆ ನಾನು ನಾಲ್ಕು ಜನರ ಮುಂದೆ ನಿಂತು ಮಾತಾಡಿದ್ದೇ ಇಲ್ಲ. ಮದುವೆ ಮುಂಜಿಗಳಲ್ಲಿ ಯಾರೂ ಹೇಳುವ ಮೊದಲೇ ಹಿಂದಿನ ಸಾಲಿಗೆ ಹೋಗುವುದು ಅಭ್ಯಾಸವಾಗಿತ್ತು. ಹಾಗಾಗಿ ಮಾತಿನ ಬದಲು ನನಗೆ ಬರುವ ಕೆಲಸವನ್ನೇ ಮಾಡಿದೆ. ಸಮಿತಿ ಸೇರುವ ಶುಕ್ರವಾರ ಎರಡು ಗಂಟೆ ಮುಂಚೆ ಹೋದೆ. ಬೆಣೆ ಒತ್ತಿ ಹಲಗೆ ಕಳಚಿದೆ. ಸೌತೆಕಾಯಿ ಹೆಚ್ಚುವ ಅಡುಗೆಮನೆಯ ಮೇಜನ್ನು ಉಜ್ಜಿ ತೊಳೆದು ಸಭಾಂಗಣದ ನೆಲಕ್ಕೆ ತಂದೆ, ಅದರ ಮೇಲೆ ಹಲಗೆ ಇಟ್ಟೆ. ಅಲುಗದಂತೆ ಕೆಳಗೆ ರಬ್ಬರಿನ ಚಾಪೆ. ಖಾಲಿ ಗಾಲಿಕುರ್ಚಿಯಲ್ಲಿ ನಾನೇ ಕೂತು ನೋಡಿದೆ. ಮೊಣಕಾಲು ಮೇಜಿನ ಕೆಳಗೆ ಹೋಯಿತು, ಹಲಗೆಯ ಅಂಚು ಎದೆಯ ಹತ್ತಿರ ಬಂತು. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಧ್ಯಕ್ಷರೇ ಬಂದು ಕರೆದರು. ಎಲ್ಲರೂ ಮೇಜಿನ ಸುತ್ತ ನಿಂತಿದ್ದರು. ಹಲಗೆ ಕಳಚಿ ಬರುವುದೇ ನಮಗೆ ಗೊತ್ತಿರಲಿಲ್ಲ, ನೀವು ಸುತ್ತ ಒರೆಸುವುದನ್ನು ನೋಡಿ ಎಲ್ಲ ಒಂದೇ ಎಂದುಕೊಂಡಿದ್ದೆವು ಎಂದರು. ಎಷ್ಟು ದಿನದಿಂದ ಗೊತ್ತು ಎಂದು ಯಾರೂ ಕೇಳಲಿಲ್ಲ. ನಾನೇ ಹೇಳಿದೆ. ಹಿರಿಯರೊಬ್ಬರು ಬೇರೆ ತಕರಾರು ತೆಗೆದರು: ಕೆಳಗೆ ಓದಿದರೆ ಹಿಂದೆ ಕೂತವರಿಗೆ ಕಾಣುವುದಿಲ್ಲ.

"ಹಿಂದೆ ಕೂತವರು ಮುಂದೆ ಬರಲಿ," ಎಂದರು ರಬ್ಬಿ. ಆ ವಾರವೇ ಕುರ್ಚಿಗಳನ್ನು ಕುದುರೆ ಲಾಳದ ಆಕಾರಕ್ಕೆ ತಿರುಗಿಸಿದೆ.

ಟೀಚರಮ್ಮನ ಓದಿಗೆ ಫೆಬ್ರವರಿಯ ಒಂದು ಶನಿವಾರ ನಿಗದಿಯಾಯಿತು. ದಣಿವಾಗಬಾರದೆಂದು ಟೀಚರಮ್ಮ ಮನೆಯಲ್ಲೇ ಅಭ್ಯಾಸ ಮಾಡಿದರು, ರಬ್ಬಿ ಅಲ್ಲಿಗೆ ಹೋಗುತ್ತಿದ್ದರು. ನಾನು ಎಂದಿನಂತೆ ರೇಡಿಯೊ ಇಟ್ಟು ಮೈಕು ಪರೀಕ್ಷಿಸಿದೆ. ಇದು ನನ್ನ ಎರಡನೆಯ ತಪ್ಪು. ರೇಡಿಯೊದ ದನಿಯೂ ಅವರ ದನಿಯೂ ಒಂದಲ್ಲ. ಮೇಜು ಕೆಳಗೆ ಬಂದಿದ್ದರಿಂದ ಮೈಕು ಸ್ಪೀಕರುಗಳ ಎದುರಿಗೇ ಬಂದಿತ್ತು, ಅದನ್ನೂ ನಾನು ಗಮನಿಸಲಿಲ್ಲ.

ಅಂದು ಟೀಚರಮ್ಮ ತಾವೇ ಗುಂಡಿ ಒತ್ತಿ, ತಮ್ಮ ಹೊಸ ಮೋಟಾರು ಕುರ್ಚಿಯನ್ನು ಮೇಜಿನವರೆಗೆ ಓಡಿಸಿಕೊಂಡು ಬಂದರು. ಯಾರೂ ಮುಟ್ಟಲಿಲ್ಲ. ರಬ್ಬಿ ಸುರುಳಿಯನ್ನು ಬಿಚ್ಚಿಟ್ಟರು. ಸಾಲು ತೋರಿಸುವ ಬೆಳ್ಳಿಯ ಕಡ್ಡಿಯನ್ನು ಅವರ ಬೆರಳಿಗೆ ಪಟ್ಟಿಯಿಂದ ಕಟ್ಟಿದ್ದರು. ಓದುವ ಮೊದಲು ಓದುವವರು ಒಂದು ಕರೆ ಕೊಡಬೇಕು, ಸಭೆ ಅದಕ್ಕೆ ಉತ್ತರಿಸಬೇಕು. ಅವರ ತುಟಿ ಅಲುಗಿತು. ಏನೂ ಕೇಳಲಿಲ್ಲ. ನಾನು ಹಿಂದೆ ಕಪಾಟಿನ ಹತ್ತಿರ, ಲೂಪಿನ ಯಂತ್ರಕ್ಕೇ ಸಿಕ್ಕಿಸಿದ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದೆ. ಮೈಕಿನ ದನಿ ಏರಿಸಿದೆ, ಸ್ಪೀಕರುಗಳು ಕಿರ್ರೆಂದು ಕೂಗಿಕೊಂಡವು. ಜನ ಕಿವಿ ಮುಚ್ಚಿಕೊಂಡರು. ಇಳಿಸಿದೆ, ದನಿ ಹೋಯಿತು. ಮತ್ತೆ ಏರಿಸಿದೆ, ಮತ್ತೆ ಅದೇ ಕೂಗು. ಟೀಚರಮ್ಮ ಕಣ್ಣು ಮುಚ್ಚಿಕೊಂಡರು. ಅವರ ಬಳಿ ಎಷ್ಟು ಉಸಿರು ಇತ್ತೋ ಅದನ್ನು ನಾನು ಅಲ್ಲಿ ಹಾಳು ಮಾಡುತ್ತಿದ್ದೆ.

ರಬ್ಬಿ ನನ್ನ ಕಡೆ ನೋಡಿದರು. ಕೇಳಲು ಸಮಯವಿರಲಿಲ್ಲ, ಕೇಳಿದರೆ ಹೇಳಬಲ್ಲವರೂ ಅಲ್ಲಿರಲಿಲ್ಲ. ಸ್ಪೀಕರಿನ ತಿರುಪನ್ನು ಸೊನ್ನೆಗೆ ತಿರುಗಿಸಿದೆ. ಲೂಪಿನ ತಿರುಪನ್ನು ಕೊನೆಯವರೆಗೆ ಏರಿಸಿದೆ. ಕೈ ಎತ್ತಿ, ಓದಿ ಎಂದು ಸನ್ನೆ ಮಾಡಿದೆ.

ಸಭಾಂಗಣ ನಿಶ್ಶಬ್ದವಾಗಿತ್ತು. ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. ಆದರೆ ನನ್ನ ಕಿವಿಯೊಳಗೆ ಟೀಚರಮ್ಮ ನನ್ನ ಪಕ್ಕದಲ್ಲೇ ಕೂತು ಓದುತ್ತಿದ್ದರು. ಕರೆ ಮುಗಿದ ತಕ್ಷಣ ಎಡಬದಿಯ ಮೂರು ಸಾಲುಗಳಿಂದ, ಕಿವಿಯ ಯಂತ್ರದ ಮುದುಕರು ಮುದುಕಿಯರಿಂದ ಮಾತ್ರ, ಉತ್ತರ ಬಂತು. ನಡುಗುವ ಐದಾರು ದನಿಗಳು. ಉಳಿದವರು ತಿರುಗಿ ನೋಡಿದರು, ಅರ್ಥವಾಗಲು ಒಂದು ಕ್ಷಣ ಹಿಡಿಯಿತು, ಆಮೇಲೆ ಅವರೂ ದನಿ ಸೇರಿಸಿದರು. ಅಲ್ಲಿಂದ ಮುಂದೆ ಇಡೀ ಸಭೆ ಟೀಚರಮ್ಮನನ್ನು ನೋಡಲಿಲ್ಲ, ಆ ಮೂರು ಸಾಲಿನ ಮುಖಗಳನ್ನು ನೋಡುತ್ತಿತ್ತು. ಸದಾ ತೂಕಡಿಸುವ ಒಬ್ಬ ಅಜ್ಜ ನೆಟ್ಟಗೆ ಕೂತು, ಅಕ್ಷರದೊಂದಿಗೆ ತುಟಿ ಆಡಿಸುತ್ತಿದ್ದರು.

ನನಗೆ ಹೀಬ್ರೂ ಬರುವುದಿಲ್ಲ. ಉಸಿರು ಎಲ್ಲಿ ತೆಗೆದರು, ಎಲ್ಲಿ ತಡವರಿಸಿ ಅದೇ ಪದವನ್ನು ಸರಿಪಡಿಸಿ ಓದಿದರು ಎಂದು ಮಾತ್ರ ಹೇಳಬಲ್ಲೆ. ತಪ್ಪನ್ನು ಬಿಟ್ಟು ಮುಂದೆ ಹೋಗಲಿಲ್ಲ. ಮುಗಿದಾಗ ಆಮೆನ್ ಮೊದಲು ಎಡಬದಿಯಿಂದಲೇ ಬಂತು.

ಟೀಚರಮ್ಮ ಮತ್ತೆ ಬರಲಿಲ್ಲ. ಮಾರ್ಚಿನಲ್ಲಿ, ಅವರ ವಸಂತದ ಹಬ್ಬಕ್ಕೆ ಮುಂಚೆಯೇ ತೀರಿಕೊಂಡರು. ಸ್ಮಶಾನದಲ್ಲಿ ಪೆಟ್ಟಿಗೆಯನ್ನು ಚಕ್ರದ ಗಾಡಿಯ ಮೇಲಿಟ್ಟು ತಳ್ಳಿಕೊಂಡು ಹೋದರು, ಅಲ್ಲಿನ ಪದ್ಧತಿ ಹಾಗೆ. ಯಾರೂ ಎತ್ತಲಿಲ್ಲವಲ್ಲ ಎಂದು ನನಗೆ ಒಂದು ಬಗೆಯ ಸಮಾಧಾನವಾಯಿತು. ಹಿಂತಿರುಗುವಾಗ ಅಧ್ಯಕ್ಷರು ನನ್ನ ಪಕ್ಕ ನಡೆಯುತ್ತ, ನನಗೆ ಏನೂ ಕೇಳಲಿಲ್ಲ, ಅವರು ಚೆನ್ನಾಗಿ ಓದಿದರಾ ಎಂದು ಕೇಳಿದರು. ಅವರೂ ಟೀಚರಮ್ಮನ ಶಿಷ್ಯರೇ. ಓದಿದರು ಎಂದೆ. ಅಕ್ಟೋಬರಿನಲ್ಲಿ ನಾನು ಬಾಯಿ ಬಿಟ್ಟಿದ್ದರೆ ಅವರೂ ಕೇಳುತ್ತಿದ್ದರು.

ಒಂದೂವರೆ ವರ್ಷ ಹಲಗೆ ಕೆಳಗೇ ಇತ್ತು. ಆಮೇಲೆ ನನ್ನ ಮೊಣಕಾಲು ಕೈಕೊಟ್ಟು ಕೆಲಸ ಬಿಟ್ಟೆ, ರಬ್ಬಿ ಬೇರೆ ಊರಿಗೆ ಹೋದರು. ಶರತ್ಕಾಲದ ದೊಡ್ಡ ಹಬ್ಬಕ್ಕೆ ಜನ ಹೆಚ್ಚೆಂದು ಹಲಗೆಯನ್ನು ಮೇಲೆ ಕೂರಿಸಿದರಂತೆ. ಹೊಸ ಕೇರ್‌ಟೇಕರಿಗೆ ತೆಗೆಯುವುದು ಗೊತ್ತಿಲ್ಲ. ಇನ್ನೂ ಮೇಲೆಯೇ ಇದೆ ಎಂದು ಕೇಳಿದ್ದೇನೆ.

ಆದ್ದರಿಂದ ಕೊನೆಯ ಹಾಳೆಯಲ್ಲಿ ಚಿತ್ರ ಬರೆದಿದ್ದೇನೆ. ಮೊದಲು ಎಡಗಡೆಯ ಬೆಣೆ ಒತ್ತಬೇಕು, ಆಮೇಲೆ ಬಲಗಡೆಯದು, ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡು ಎತ್ತಬೇಕು. ಒಬ್ಬರಿಂದಲೇ ಆಗುತ್ತದೆ. ಮೈಕನ್ನು ಸ್ಪೀಕರುಗಳಿಗೆ ಬೆನ್ನು ಮಾಡಿ ಇಡಬೇಕು. ನಿಮ್ಮ ಅಮ್ಮ ಇದನ್ನು ಇಂಗ್ಲಿಷಿನಲ್ಲಿ ಬರೆದು ಒಂದು ಪ್ರತಿ ಅಲ್ಲಿಗೆ ಕೊಟ್ಟು ಬರುತ್ತಾಳೆ. ಅದು ಅಲ್ಲಿ ಯಾವುದೋ ಡ್ರಾಯರಿನಲ್ಲಿ ಕಳೆದುಹೋಗಬಹುದು. ಸಿರಿ, ತೇಜು, ಈ ಹಾಳೆಗಳನ್ನು ನೀವು ಜೋಪಾನವಾಗಿ ಇಟ್ಟುಕೊಳ್ಳಿ. ಯಾರಾದರೂ ಕೇಳಿದರೆ ತೆಗೆದು ತೋರಿಸಿ. ಯಾರೂ ಕೇಳದಿದ್ದರೂ ನೀವೇ ಹೋಗಿ ತೋರಿಸಿ.